ಬಸವಣ್ಣ ಬೇಡವೆಂದ ನನ್ನ ಪೇಪರ್

ಸಲಹೆ ಕೊಡುವುದರಲ್ಲಿ ನನಗಿರುವ ಪ್ರತಿಭೆಯನ್ನು ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಗುರುತಿಸಿಲ್ಲ. ಗುರುತಿಸಿದವರು ನಮ್ಮ ವಿಭಾಗದ ಮುಖ್ಯಸ್ಥರು. ತುಮಕೂರಿನ ಒಂದು ಕಾಲೇಜಿನಲ್ಲಿ ನಾನು ಸಾರ್ವಜನಿಕ ನೀತಿಯ ಎಂ.ಎ. ತರಗತಿಗೆ ಪಾಠ ಮಾಡುತ್ತೇನೆ. ಎರಡನೇ ವರ್ಷಕ್ಕೆ ಬಂದ ಮಕ್ಕಳು ತಮಗಿಷ್ಟವಾದ ಒಂದು ಪೇಪರ್ ಆರಿಸಿಕೊಳ್ಳಬೇಕು. “ಈ ಸಲ ಅವ್ರಿಗೆ ದಾರಿ ತೋರ್ಸೋ ಜವಾಬ್ದಾರಿ ನಿಮ್ದು ಮೇಡಂ” ಎಂದರು ಮುಖ್ಯಸ್ಥರು. ಅಂದು ಮರಳೂರಿನ ಮನೆಗೆ ನಾನು ನಡೆದು ಬರಲಿಲ್ಲ, ತೇಲಿ ಬಂದೆ.

ನಮ್ಮ ಯಜಮಾನರಿಗೆ ಶಿರಾ ಗೇಟಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಸುದ್ದಿ ಕೇಳಿ ಅವರು ಕಾಫಿ ಲೋಟ ಕೆಳಗಿಟ್ಟರು.

“ಹೋಟ್ಲಲ್ಲಿ ಮಸಾಲೆ ದೋಸೆನೋ ಸೆಟ್ ದೋಸೆನೋ ಅಂತ ಅರ್ಧ ಗಂಟೆ ಯೋಚ್ನೆ ಮಾಡಿ, ಕೊನೇಗೆ ನನ್ ತಟ್ಟೆಗೆ ಕೈ ಹಾಕೋಳು ನೀನು. ನೀನು ಮಕ್ಕಳಿಗೆ ಪೇಪರ್ ಆರಿಸ್ಕೊಡ್ತೀಯಾ?”

“ರೀ, ಇದು ದೋಸೆ ಅಲ್ಲ, ಭವಿಷ್ಯ!” ಎಂದೆ.

ಇದರಲ್ಲಿ ನನ್ನ ಭವಿಷ್ಯವೂ ಸ್ವಲ್ಪ ಸೇರಿತ್ತು. ಇದ್ದ ಪೇಪರ್‌ಗಳು ಮೂರು: ನಗರಾಡಳಿತ, ಅಂಕಿಅಂಶ ಮತ್ತು ನೀತಿ ಮೌಲ್ಯಮಾಪನ. ಮೂರನೆಯದು ನನ್ನದು. ಸರ್ಕಾರದ ಯೋಜನೆ ಜನರಿಗೆ ನಿಜವಾಗಿ ತಲುಪಿದೆಯೇ ಎಂದು ಹಳ್ಳಿಗೇ ಹೋಗಿ ನೋಡುವ ಪೇಪರ್ ಅದು. ಅದನ್ನು ನಾನೇ ಕಟ್ಟಿ ಬೆಳೆಸಿದ್ದೆ, ಅದರ ಮೇಲೆ ನನಗೆ ಪ್ರಾಣ. ಆದರೆ ಐದು ಜನವಾದರೂ ಸೇರದಿದ್ದರೆ ಈ ವರ್ಷ ಅದನ್ನು ನಿಲ್ಲಿಸುತ್ತೇವೆ ಎಂದು ಮುಖ್ಯಸ್ಥರು ಮೊದಲೇ ಹೇಳಿದ್ದರು.

ಹಾಗೆಂದು ಸಲಹೆಗಾರ್ತಿಯಾದ ನಾನೇ ನನ್ನ ಪೇಪರನ್ನು ಹೊಗಳಬಹುದೇ? ಮದುವೆ ಮಾಡಿಸುವವನು ತನ್ನ ಮಗಳ ಜಾತಕವನ್ನೇ ಮುಂದೆ ತಳ್ಳಿದ ಹಾಗಾಗುತ್ತದೆ. ಆದ್ದರಿಂದ ಸಂಪೂರ್ಣ ನಿಷ್ಪಕ್ಷಪಾತಿಯಾಗಿರಲು ತೀರ್ಮಾನಿಸಿದೆ. ನನ್ನ ಕಷ್ಟಕಾಲ ಶುರುವಾದದ್ದೇ ಈ ತೀರ್ಮಾನದಿಂದ.

ಮೊದಲು ಬಂದವನು ಗುಬ್ಬಿಯ ಲೋಕೇಶ.

“ನಿನ್ನ ಗುರಿ ಏನಪ್ಪಾ?” ಎಂದು ಗಂಭೀರವಾಗಿ ಕೇಳಿದೆ.

“ಮಧ್ಯಾಹ್ನದ ಟ್ರೈನ್ ಹಿಡಿಯೋದು ಮೇಡಂ.”

“ಅದಲ್ಲಪ್ಪಾ, ದೂರದ ಗುರಿ?”

“ಗುಬ್ಬಿ ಮೇಡಂ.”

ನಾನು ಪ್ರಾಮಾಣಿಕವಾಗಿ ಎಲ್ಲವನ್ನೂ ವಿವರಿಸಿದೆ. ನನ್ನ ಪೇಪರ್ ತೆಗೆದುಕೊಂಡರೆ ಬಿಸಿಲಲ್ಲಿ ಹಳ್ಳಿ ಸುತ್ತಬೇಕು, ವಾಪಸ್ ಬರುವಾಗ ಸಂಜೆಯಾಗುತ್ತದೆ, ಬಂದು ವರದಿ ಬೇರೆ ಬರೆಯಬೇಕು ಎಂದೆ. ಅಂಕಿಅಂಶದ ಕ್ಲಾಸು ಬೆಳಿಗ್ಗೆಯೇ ಮುಗಿಯುತ್ತದೆ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. “ಅಂಕಿಅಂಶ ಬಾರದವರು ನೀತಿತಜ್ಞರೇ ಅಲ್ಲ” ಎಂದೂ ಸೇರಿಸಿದೆ! ಲೋಕೇಶನ ಮುಖ ಅರಳಿತು. ಕೈ ಮುಗಿದು ಹೋದವನು ಹೊರಗೆ ಏನು ಹೇಳಿದನೋ, ಆಮೇಲೆ ಬಂದವರಲ್ಲಿ ಹೆಚ್ಚಿನವರು ನನ್ನ ಬಾಯಿಂದ ಅದೇ ಮಾತು ಕೇಳಿ, ಅದೇ ರೀತಿ ಕೈ ಮುಗಿದು, ಅಂಕಿಅಂಶಕ್ಕೆ ಸೇರಿಬಿಟ್ಟರು. ನನ್ನ ಪೇಪರಿಗೆ ಉಳಿದವರು ನಾಲ್ಕೇ ಜನ. ಇನ್ನೊಬ್ಬರು ಬೇಕು.

ಆಗ ಬಂದಳು ಶ್ವೇತಾ, ಕುಣಿಗಲ್ ಕಡೆಯ ಹುತ್ರಿದುರ್ಗದ ಹುಡುಗಿ, ಕ್ಲಾಸಿಗೇ ಚುರುಕು. “ನಂಗೆ ನಿಮ್ ಪೇಪರ್ರೇ ಬೇಕು ಮೇಡಂ” ಎಂದಳು. ಅಪ್ಪಿಕೊಳ್ಳಬೇಕೆನಿಸಿತು. ಅಷ್ಟರಲ್ಲಿ, “ಆದ್ರೆ ಅಮ್ಮ ನಮ್ಮೂರ್ ಗುಡಿ ಬಸವಣ್ಣನ ಹತ್ರ ಹೂ ಕೇಳ್ಬೇಕಂತೆ” ಎಂದಳು.

ನಮ್ಮ ಕಡೆ ಇದು ಹೊಸದಲ್ಲ. ಒದ್ದೆ ಹೂವನ್ನು ದೇವರ ಎರಡೂ ಪಕ್ಕಕ್ಕೆ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಬೋರ್ ಕೊರೆಸಲು ಕೇಳುವುದುಂಟು, ಹೆಣ್ಣು ತರಲು ಕೇಳುವುದುಂಟು. ಎಂ.ಎ. ಪೇಪರಿಗೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಫೋನಿನಲ್ಲಿ ಶ್ವೇತಾಳ ತಾಯಿಗೆ, ಪುರಾವೆ ನೋಡಿ ತೀರ್ಮಾನ ಮಾಡುವುದು ಹೇಗೆ ಎಂದು ದೊಡ್ಡ ಭಾಷಣ ಮಾಡಿದೆ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, “ಸರಿ ಬುಡಿ ಮೇಡಮ್ಮೋರೇ, ಭಾನ್ವಾರ ನೀವೂ ಬಂದ್ಬುಡಿ. ನಿಮ್ ಎದ್ರಿಗೇ ಕೇಳ್ತೀನಿ. ಊಟಾನೂ ಇಲ್ಲೇ” ಎಂದರು. ಎದುರಿಗೇ ನಿಂತವಳಿಗೆ ಬಸವಣ್ಣ ಹೇಗೆ ಇಲ್ಲ ಅಂದಾನು? ಒಪ್ಪಿಕೊಂಡೆ.

ಬೈಕ್ ಓಡಿಸುತ್ತಾ ಯಜಮಾನರು ಕೇಳಿದರು: “ಎಡಗಡೆ ಬಿದ್ರೆ?”

“ಬೀಳಲ್ಲ ರೀ. ನಾನೂ ಬಸವಣ್ಣನ ಭಕ್ತಳೇ.”

“ಅಂಕಿಅಂಶದ ಮೇಡಮ್ಮೂ ಭಕ್ತರೇ ಕಣೇ!”

ಗುಡಿಯಲ್ಲಿ ಅರ್ಧ ಊರೇ ಸೇರಿತ್ತು. ಶ್ವೇತಾ ಫೋನ್ ಎತ್ತಿ ಹಿಡಿದು, “ಕ್ಲಾಸ್ನವ್ರೆಲ್ಲ ವಿಡಿಯೋ ಕಾಲಲ್ಲಿ ನೋಡ್ತಿದಾರೆ ಮೇಡಂ” ಎಂದಳು. ನಾನು ಸೀರೆ ಸರಿಮಾಡಿಕೊಂಡೆ. ಪೂಜಾರಿ ಹೂ ಅಂಟಿಸಿದರು. ಆಕೆಯ ತಾಯಿ ಕೈ ಮುಗಿದು, “ಅಪ್ಪಾ ಬಸವಣ್ಣ, ನಮ್ ಹುಡ್ಗಿ ಈ ಮೇಡಮ್ಮೋರ್ ಪೇಪರ್ ತಗೊಂಡ್ರೆ ಒಳ್ಳೇದಾಗೋದಾದ್ರೆ ಬಲಗಡೆ ಕೊಡು” ಎಂದರು.

ಹೂ ಅಲುಗಲಿಲ್ಲ. ಗಂಟೆ ಬಾರಿಸಿದರು, ಮಂಗಳಾರತಿ ಎತ್ತಿದರು. ಅಲುಗಲಿಲ್ಲ. “ದೇವ್ರೇ ಯೋಚ್ನೆ ಮಾಡ್ತಾವ್ನೆ” ಎಂದರು ಯಾರೋ. ಬಸವಣ್ಣನೂ ಇಷ್ಟೊಂದು ಯೋಚಿಸುವಂಥದ್ದು ನನ್ನ ಪೇಪರಿನಲ್ಲಿ ಏನಿದೆ? ನನಗೆ ತಡೆಯಲಾಗಲಿಲ್ಲ. ಮೆಲ್ಲಗೆ ಮುಂದೆ ಸರಿದೆ. “ಅಬ್ಬಾ, ಏನ್ ಸೆಖೆ!” ಎನ್ನುತ್ತಾ ಸೆರಗಿನ ತುದಿ ಹಿಡಿದು ಬೀಸತೊಡಗಿದೆ. ಗಾಳಿ ಹೋಗುತ್ತಿದ್ದದ್ದು ನನ್ನ ಮುಖಕ್ಕಲ್ಲ, ಬಲಗಡೆಯ ಹೂವಿಗೆ. ಪುರಾವೆಯ ಬಗ್ಗೆ ಭಾಷಣ ಮಾಡಿದವಳು ನಾನೇ!

ಹೂ ನಡುಗಿತು, ಜಾರಿತು, ಟಪ್ ಎಂದು ಬಿತ್ತು.

“ಬಲಗಡೆ! ಬಲಗಡೆ!” ಎಂದು ಚಪ್ಪಾಳೆ ತಟ್ಟಿ ಕೂಗಿದೆ. ಬೇರೆ ಯಾರೂ ಕೂಗಲಿಲ್ಲ.

ಪೂಜಾರಿ ಮರುಕದಿಂದ ನನ್ನತ್ತ ನೋಡಿದರು. “ಅಮ್ಮಾ, ಅದು ನಿಮ್ಗೆ ಬಲ. ಎದ್ರಿಗಿರೋ ಸ್ವಾಮಿಗೆ ಎಡ.”

ಊಟಕ್ಕೆ ಬಿಸಿ ಮುದ್ದೆ, ಅವರೆಕಾಳಿನ ಸಾರು. ಯಜಮಾನರು ಎರಡು ಮುದ್ದೆ ನುಂಗಿದರು. ನಾನು ತಟ್ಟೆಯಲ್ಲಿ ಮುದ್ದೆ ಮುರಿಯುತ್ತಾ ಕೂತೆ. ಶ್ವೇತಾಳ ಸಪ್ಪೆ ಮುಖ ನೋಡಿ ನನಗೆ ನಿಜಕ್ಕೂ ಬೇಸರವಾಯಿತು. ಆಕೆಯ ತಾಯಿ ಮಾತ್ರ, “ಬೇಜಾರ್ ಮಾಡ್ಕೋಬೇಡಿ ಮೇಡಮ್ಮೋರೇ, ನಿಮ್ ಮೇಲೇನೂ ಕ್ವಾಪ ಇಲ್ಲ ಸ್ವಾಮೀಗೆ, ಪೇಪರ್ ಮ್ಯಾಲಷ್ಟೇ” ಎಂದು ಸಮಾಧಾನ ಹೇಳಿ ಇನ್ನಷ್ಟು ತುಪ್ಪ ಹಾಕಿದರು.

ಸೋಮವಾರ ಉಳಿದ ನಾಲ್ವರೂ ನನ್ನ ಪೇಪರ್ ಬಿಟ್ಟರು. ಅವರಲ್ಲೊಬ್ಬ ಮಹಾ ನಾಸ್ತಿಕ. “ನಾನು ದೇವ್ರನ್ನ ನಂಬಲ್ಲ ಮೇಡಂ. ಆದ್ರೂ ಸುಮ್ನೆ ಏನಕ್ಕೆ ರಿಸ್ಕು?” ಎಂದ.

ಮುಖ್ಯಸ್ಥರು ಕರೆಸಿದರು. “ಇಡೀ ಕ್ಲಾಸು ಅಂಕಿಅಂಶಕ್ಕೆ ಸೇರಿದೆ. ಎಂಥಾ ಸಲಹೆ ಮೇಡಂ ನಿಮ್ದು! ಆದ್ರೆ ಆ ಮೇಡಂ ಹೆರಿಗೆ ರಜೆ ಹಾಕಿದಾರೆ. ನಿಮ್ ಪೇಪರ್ ಹೇಗೂ ಇಲ್ವಲ್ಲ, ಆ ಕ್ಲಾಸ್ ನೀವೇ ತಗೊಳ್ಳಿ” ಎಂದರು. ನನಗೂ ಅಂಕಿಅಂಶಕ್ಕೂ ಇರುವ ಸಂಬಂಧ ಎಂಥದ್ದೆಂದರೆ, ಮನೆಯ ಹಾಲಿನ ಲೆಕ್ಕವನ್ನೂ ಹಾಲಿನವನೇ ಮಾಡಿಕೊಡುತ್ತಾನೆ!

ಮೊದಲ ಕ್ಲಾಸಿಗೆ ಮೂರು ಪುಸ್ತಕ ಓದಿಕೊಂಡು ಹೋದೆ. ಹೇಗೋ ಪಾಠ ಮುಗಿಸಿ, “ಏನಾದರೂ ಪ್ರಶ್ನೆ ಇದೆಯಾ?” ಎಂದೆ. ಶ್ವೇತಾ ಎದ್ದು ನಿಂತಳು.

“ಮೇಡಂ, ಪ್ರಯೋಗ ಮಾಡೋರೇ ಮಧ್ಯೆ ಹೋಗಿ ಸೆರಗಲ್ಲಿ ಗಾಳಿ ಬೀಸಿದ್ರೆ, ಆ ರಿಸಲ್ಟು ಲೆಕ್ಕಕ್ಕೆ ಬರುತ್ತಾ?”

ಇಡೀ ಕ್ಲಾಸು ನನ್ನ ಸೆರಗನ್ನೇ ನೋಡತೊಡಗಿತು. ಅಷ್ಟೂ ಮಂದಿ ವಿಡಿಯೋ ನೋಡಿದವರೇ.

“ಬಹಳ ಒಳ್ಳೆಯ ಪ್ರಶ್ನೆ” ಎಂದೆ. ಉತ್ತರ ಗೊತ್ತಿಲ್ಲದಾಗ ಮೇಷ್ಟ್ರುಗಳು ಹೇಳುವ ಮಾತು ಅದು. ಉತ್ತರ ಚೆನ್ನಾಗಿ ಗೊತ್ತಿದ್ದೂ ನಾನು ಹಾಗೆಂದದ್ದು ಅದೇ ಮೊದಲು!