ಬಾಯಾರಿಕೆ ತೀರದ ಎಲೆಯವರ ಸನ್ನಿಧಾನಕ್ಕೆ

ಅಂಕೋಲೆ
೧೭ ಸೆಪ್ಟೆಂಬರ್ ೨೦೦೬, ರವಿವಾರ

ಶ್ರೀಮಾನ್ ಇಲೆಕ್ಟ್ರಾನಿಕ್ ಎಲೆಯವರಿಗೆ,
ಪಾಲಿಹೌಸಿನ ಮೂರನೆಯ ಸಾಲು, ಕಬ್ಬಿಣದ ಕಂಬದ ತುದಿ.

ಮಾನ್ಯರೇ,

ಪತ್ರದ ಮೊದಲಿಗೆ ಕ್ಷೇಮ ವಿಚಾರಿಸುವುದು ನಮ್ಮ ಕಡೆಯ ಪದ್ಧತಿಯಾದರೂ, ತಾವು ಬಾಡುವುದಿಲ್ಲ, ಉದುರುವುದಿಲ್ಲ, ತಮಗೆ ಹುಳ ಹತ್ತುವುದಿಲ್ಲ ಎಂದು ತಮ್ಮನ್ನು ಮಾರಿದ ಕಂಪನಿಯ ಕರಪತ್ರದಲ್ಲಿ ಬಣ್ಣದ ಅಕ್ಷರಗಳಲ್ಲೇ ಅಚ್ಚಾಗಿರುವುದರಿಂದ ಆ ಶಾಸ್ತ್ರವನ್ನು ಇಲ್ಲಿಗೇ ಮುಗಿಸುತ್ತೇನೆ. ಹೀರಾ ಮೇಡಮ್ಮರ ನರ್ಸರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೇಲ್ವಿಚಾರಕನಾಗಿರುವ ಬೊಮ್ಮಯ್ಯ ಹಮ್ಮಣ್ಣ ನಾಯಕನೆಂಬ ನಾನು, ತಮ್ಮ ಕಂಬದ ಬುಡಕ್ಕೆ ಕೈಮುಗಿದು ಈ ಅಹವಾಲನ್ನು ಸಲ್ಲಿಸುತ್ತಿದ್ದೇನೆ. ಇದರ ಒಂದು ಪ್ರತಿಯನ್ನು ನಾಳೆ ಬೆಳಿಗ್ಗೆ ನರ್ಸರಿಯ ಗೇಟಿಗೆ ಅಂಟಿಸುವವನಿದ್ದೇನೆ, ಹೆದ್ದಾರಿಯಲ್ಲಿ ಬಸ್ಸು ಕಾಯುವವರಿಗೆ ಓದಲಿಕ್ಕೆ ಹೇಗೂ ಏನಾದರೂ ಬೇಕು.

ಆ ಪ್ರಯಾಣಿಕರಿಗೆ ತಮ್ಮ ಪರಿಚಯವಿಲ್ಲದಿರುವ ಸಂಭವವುಂಟು. ಆದ್ದರಿಂದ ತಿಳಿಸುವುದೇನೆಂದರೆ, ತಾವು ಬೆಂಕಿಪೆಟ್ಟಿಗೆಯಷ್ಟು ಉದ್ದಗಲದ ಒಂದು ಹಸಿರು ಪ್ಲಾಸ್ಟಿಕ್ ತುಂಡು, ಅದರ ಮೇಲೆ ಎರಡು ಲೋಹದ ಗೆರೆಗಳು, ಹಿಂದೆ ಒಂದು ವಯರು, ವಯರಿನ ತುದಿಗೆ ಕೆಂಪು ದೀಪದ ಒಂದು ಪೆಟ್ಟಿಗೆ. ತಮ್ಮ ಮೈ ಒಣಗಿತೆಂದರೆ ಎಲ್ಲ ಸಾಲುಗಳುದ್ದಕ್ಕೂ ಇರುವ ನಲ್ಲಿಗಳು ತಾವಾಗಿಯೇ ತೆರೆದುಕೊಂಡು ತುಂತುರು ಸುರಿಸುತ್ತವೆ, ಮೈ ನೆನೆಯಿತೆಂದರೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಪಾಲಿಹೌಸೆಂಬ ಈ ಪ್ಲಾಸ್ಟಿಕ್ ಚಾವಣಿಯ ಗಿಡಮನೆಯ ಒಳಗೆ ಇಪ್ಪತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ನಿಜವಾದ ಎಲೆಗಳಿದ್ದರೂ, ಬಾಯಾರಿಕೆಯ ವಿಷಯದಲ್ಲಿ ಅವುಗಳನ್ನು ಯಾರೂ ಕೇಳುವಂತಿಲ್ಲ, ಅವೆಲ್ಲವುಗಳ ಪರವಾಗಿ ಮಾತಾಡುವ ಹಕ್ಕು ಬೇರಿಲ್ಲದ, ಚಿಗುರಿಲ್ಲದ ತಮಗೊಬ್ಬರಿಗೇ ಸೇರಿದ್ದು. ಇಂಥ ಪ್ರತಿನಿಧಿಗಳನ್ನು ನಾವು ಬೇರೆ ಕಡೆಯೂ ಕಂಡಿರುವುದರಿಂದ ಮೊದಲಿಗೆ ಆಶ್ಚರ್ಯವೇನೂ ಆಗಲಿಲ್ಲ.

ತಮ್ಮ ಆಗಮನದ ಕಥೆಯನ್ನೂ ಹೇಳಿಬಿಡುತ್ತೇನೆ. ಕಾರವಾರದಲ್ಲಿರುವ ನಮ್ಮ ಹೀರಾ ಮೇಡಮ್ಮರು ಎರಡು ವರ್ಷದ ಕೆಳಗೆ ಘಟ್ಟದ ಮೇಲಿನ ಒಂದು ಕೃಷಿಮೇಳಕ್ಕೆ ಹೋಗಿ ಬಂದವರು, ಪರಿಸರವನ್ನು ಉಳಿಸದೆ ವ್ಯಾಪಾರವಿಲ್ಲ ಎಂದು ನಿಶ್ಚಯ ಮಾಡಿದರು. ಪ್ಲಾಸ್ಟಿಕ್ ಚೀಲ ಹೋಗಿ ನಾರಿನ ಕುಂಡ ಬಂತು, ಗುಡ್ಡದ ಕೆಮ್ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ಬಂತು, ಚಾವಣಿಯ ನೀರು ಹಿಡಿಯಲಿಕ್ಕೆ ತೊಟ್ಟಿ ಬಂತು, ಎರೆಹುಳಗಳು ಬಂದವು. ಎರೆಹುಳಗಳಿಗೆ ಹಾಕಿಸಿದ ಸೂರು ನನ್ನ ಕೋಣೆಯ ಸೂರಿಗಿಂತ ಗಟ್ಟಿಯಾದದ್ದೆಂಬುದು ನನಗೆ ಸ್ವಲ್ಪ ಹೊಟ್ಟೆ ಉರಿಸಿತೇ ವಿನಾ, ಸುಳ್ಳು ಯಾಕೆ ಹೇಳಲಿ, ಮೇಡಮ್ಮರ ಈ ಎಲ್ಲ ಕೆಲಸಗಳಿಂದ ಗಿಡಗಳು ಚೆನ್ನಾಗಿಯೇ ಬೆಳೆದವು. ಕೊನೆಯದಾಗಿ, ಈ ಆಗಸ್ಟ್ ತಿಂಗಳ ಇಪ್ಪತ್ತನೆಯ ತಾರೀಕು, ಹೊರಗೆ ಮಳೆ ಹೊಡೆಯುತ್ತಿರುವಾಗ, ನೀರು ಸುರಿಸುವ ಯಂತ್ರವಾಗಿ ತಾವು ಚಿತ್ತೈಸಿದಿರಿ.

ತಾವು ಬಂದು ಕೂತ ಜಾಗ ಖಾಲಿ ಇರಲಿಲ್ಲವೆಂಬುದನ್ನು ತಮಗೆ ಯಾರೂ ಹೇಳಿರಲಾರರು. ಆ ಜಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಹೊನ್ನಿ ಎಂಬ ಹಾಲಕ್ಕಿ ಹೆಂಗಸು ಇದ್ದಳು. ಮಾವು, ಗೇರು, ಹಲಸು, ಯಾವುದಕ್ಕೆ ಬೇಕಾದರೂ ಕಸಿ ಕಟ್ಟುತ್ತಿದ್ದಳು, ಮತ್ತು ಕಟ್ಟಿದ ಕಸಿಗೆ ನೀರು ಕೊಡುತ್ತಿದ್ದಳು. ಅವಳ ವಿಧಾನ ಕರಪತ್ರದಲ್ಲಿ ಅಚ್ಚುಹಾಕಿಸುವಂಥದ್ದಲ್ಲ. ಸಾಲಿನಲ್ಲಿ ಬಗ್ಗಿ ಹೋಗುತ್ತಾ ಅಲ್ಲೊಂದು ಇಲ್ಲೊಂದು ಎಲೆಯನ್ನು ಹಿಡಿದು, ಕೀಳದೆ, ಕೆನ್ನೆಗೆ ಒತ್ತಿ ನೋಡುವಳು. ತಣ್ಣಗಿದ್ದರೆ ಮುಂದೆ ಹೋಗುವಳು, ಬೆಚ್ಚಗಿದ್ದರೆ ಕೊಡ ತರುವಳು. ಬಾಯಾರಿದ ಎಲೆಗೆ ಜ್ವರ ಬರುತ್ತದೆ ಎಂಬುದು ಅವಳ ಸಿದ್ಧಾಂತ. ಇದನ್ನು ಕೇಳಿ ನಕ್ಕಿದ್ದ ತಮ್ಮ ಕಂಪನಿಯ ಇಂಜಿನಿಯರು, ಅದು ಶಾಸ್ತ್ರೀಯವಾಗಿಯೂ ಸರಿಯೇ ಎಂದು ಆಮೇಲೆ ಚಾ ಕುಡಿಯುವಾಗ ಒಪ್ಪಿಕೊಂಡ.

ಆದರೆ ತಮ್ಮೆದುರು ಹೊನ್ನಿ ಯಾವ ಲೆಕ್ಕ. ತಾವು ಸುಗ್ಗಿಗೆ ಎಂಟು ದಿನ ರಜೆ ಕೇಳುವವರಲ್ಲ, ಹತ್ತು ಗಂಟೆಯ ಚಹಾಕ್ಕೆ ಬೆಲ್ಲ ಕಡಿಮೆಯಾಯಿತೆಂದು ಮುಖ ಗಂಟಿಕ್ಕುವವರಲ್ಲ, ಕವಳ ಜಗಿದು ಪಾಲಿಹೌಸಿನ ಮೂಲೆಯಲ್ಲಿ ಉಗುಳುವವರಲ್ಲ. ಒಡ್ಯಾ ಎಂದು ಮರ್ಯಾದೆಯಿಂದ ಕರೆಯುತ್ತಲೇ ನನ್ನನ್ನು ಬಾಯಿಗೆ ಬಂದಂತೆ ಬೈಯುವ ಅಭ್ಯಾಸವೂ ತಮಗಿಲ್ಲ. ಆದ್ದರಿಂದ ಇನ್ನು ನೀರಿನ ಆಳು ಬೇಡವೆಂದು ಮೇಡಮ್ಮರಿಂದ ಫೋನು ಬಂದಾಗ ನಾನೂ ಹೂಂ ಎಂದೆ. ಕಸಿ ಕಟ್ಟುವ ಕಾಲಕ್ಕೆ ಮಾತ್ರ ಕರೆಯೋಣ ಎಂದರು, ಅದಕ್ಕೂ ಹೂಂ ಎಂದೆ. ಆಗಸ್ಟ್ ಕೊನೆಯ ದಿನ ಹೊನ್ನಿಗೆ ವಿಷಯ ತಿಳಿಸಿದವನು ನಾನೇ. ಅವಳು ಜಗಳವಾಡಲಿಲ್ಲ, ತನ್ನ ಕಸಿ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಲ್ಕನೆಯ ಸಾಲಿನ ಗೇರು ಬೆಚ್ಚಗಿದೆ ನೋಡಿಕೊಳ್ಳಿ ಎಂದು ಹೇಳಿ ಹೋದಳು. ಈಗ ಅಂಕೋಲೆಯ ಬಸ್‌ಸ್ಟ್ಯಾಂಡಿನ ಹತ್ತಿರ ಹರಿವೆ, ಬೆಂಡೆ, ಹೀರೇಕಾಯಿ ಇಟ್ಟುಕೊಂಡು ಕೂರುತ್ತಾಳೆ.

ತಾವು ಹದಿನೈದು ದಿನ ಬಹಳ ಚೆನ್ನಾಗಿ ಕೆಲಸ ಮಾಡಿದಿರಿ, ಇದನ್ನು ಮುಚ್ಚಿಡುವುದು ಅನ್ಯಾಯವಾಗುತ್ತದೆ. ಆಮೇಲೆ ತಮಗೆ ಅದೇನಾಯಿತೋ, ಎಷ್ಟು ನೀರು ಬಿದ್ದರೂ ತಾವು ಒಣಗಿಯೇ ಇದ್ದೇನೆ ಎನ್ನತೊಡಗಿದಿರಿ. ಬೆಳಗಿನಿಂದ ಬೆಳಗಿನವರೆಗೆ ತುಂತುರು, ಹೊರಗೊಂದು ಮಳೆಗಾಲ ಒಳಗೊಂದು ಮಳೆಗಾಲ. ನೀರನ್ನು ಉಳಿಸುವುದಕ್ಕಾಗಿ ತಮ್ಮನ್ನು ತಂದ ನರ್ಸರಿಯ ತೊಟ್ಟಿ, ಊರಿನ ಎಲ್ಲ ಹೊಂಡಗಳೂ ತುಂಬಿ ಹರಿಯುವ ದಿನಗಳಲ್ಲಿ, ತಳ ಕಂಡಿತು. ಆಗ ಬಾವಿಯ ಪಂಪು ಹಚ್ಚಿದೆವು. ಕೈಯಿಂದ ತಿರುಗಿಸಿ ಮುಚ್ಚುವ ವಾಲ್ವು ಒಂದು ಇದೆಯಾದರೂ, ಮನುಷ್ಯರು ನಡುವೆ ಕೈ ಹಾಕಿದರೆ ಗ್ಯಾರಂಟಿ ಇಲ್ಲವೆಂದು ಕಂಪನಿಯ ಕಾಗದದಲ್ಲಿ ಬರೆದದ್ದರಿಂದ ನಾನು ಅದನ್ನು ಮುಟ್ಟಲಿಲ್ಲ. ಕಂಪನಿಗೆ ಫೋನು ಮಾಡಿದರೆ, ಎಲೆ ತಪ್ಪು ಹೇಳುವುದಿಲ್ಲ ಎಂಬ ಉತ್ತರ ಬಂತು. ಕರೆಂಟು ಹೋದಾಗ ಮಾತ್ರ ಗಿಡಗಳಿಗೆ ಉಸಿರಾಡಲು ಸಿಗುತ್ತಿತ್ತು, ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕರೆಂಟು ಬಂದಾಗ ನಾನು ತಲೆ ಚಚ್ಚಿಕೊಂಡದ್ದು ಇದೇ ಮೊದಲು. ಸಾವಿರದ ಇನ್ನೂರು ಕಸಿಗಳಲ್ಲಿ ಎಂಟುನೂರಕ್ಕೂ ಹೆಚ್ಚು ಬೇರು ಕೊಳೆತು, ಕಸಿ ಕಟ್ಟಿದ ಜಾಗ ಕಪ್ಪಾಗಿ ಹೋದವು.

ಇನ್ನು ಬರೆಯಬೇಕಾದದ್ದನ್ನು ಬರೆಯಲಿಕ್ಕೆ ನನಗೆ ಅಷ್ಟೇನೂ ಇಷ್ಟವಿಲ್ಲ. ಇಷ್ಟು ಗಿಡ ಯಾಕೆ ಸತ್ತವು, ಕಾರಣ ಬರೆದು ಕಳಿಸಿ ಎಂದು ಮೇಡಮ್ಮರು ಕೇಳಿದರು. ತಮ್ಮ ತಪ್ಪೆಂದು ಬರೆದರೆ, ಯಂತ್ರ ಆರಿಸಿದವರು ಮೇಡಮ್ಮರೇ. ನನ್ನ ತಪ್ಪೆಂದು ಬರೆದರೆ, ಎದುರಿಗೆ ನನ್ನ ಮಗಳು ವಿಜೇತಾಳ ಮದುವೆಯುಂಟು. ಹೀಗಾಗಿ, ರೋಗವು ಮೊದಲೇ ಹೊಕ್ಕಿತ್ತು, ಕಸಿ ಕಟ್ಟುವಾಗ ಹೊನ್ನಿ ಚಾಕುವನ್ನು ತೊಳೆಯುತ್ತಿರಲಿಲ್ಲ ಎಂದು ಒಂದು ವರದಿ ಬರೆದೆ. ಅಕ್ಷರವೂ ದುಂಡಾಗಿಯೇ ಬಂತು. ಹಾಗಿದ್ದರೆ ಕಸಿಯ ಕಾಲಕ್ಕೂ ಅವಳನ್ನು ಕರೆಯಬೇಡಿ ಎಂದರು ಮೇಡಮ್ಮರು, ಕಾರವಾರದ ಕಡೆಯ ಉಳಿದ ನರ್ಸರಿಯವರ ಕಿವಿಗೂ ಒಂದು ಮಾತು ಹಾಕಿದರು. ಹೊನ್ನಿ ಒಂದೊಂದು ಗಿಡಕ್ಕೂ ಚಾಕುವನ್ನು ಕುದಿನೀರಿನಲ್ಲಿ ಅದ್ದಿಯೇ ಮುಂದಿನದಕ್ಕೆ ಕೈ ಹಚ್ಚುವವಳೆಂಬುದು ಕುದಿನೀರು ಕಾಯಿಸಿ ಕೊಡುತ್ತಿದ್ದ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಕಳೆದ ಗುರುವಾರ ಸೋನೆ ನಿಂತು ಬಿಸಿಲು ಬಿದ್ದಿತ್ತು. ಖಾಲಿ ಬುಟ್ಟಿ ಹೊತ್ತು ಮನೆಗೆ ಹೊರಟಿದ್ದ ಹೊನ್ನಿ, ಒಣ ರಸ್ತೆಯ ಮೇಲೆ ನಮ್ಮ ಗೇಟಿನಿಂದ ನೀರು ಹರಿದು ಬರುತ್ತಿರುವುದನ್ನು ಕಂಡು, ಯಾರನ್ನೂ ಕೇಳದೆ ಒಳಗೆ ಬಂದಳು. ಮೊದಲು ವಾಲ್ವು ತಿರುಗಿಸಿ ನೀರು ನಿಲ್ಲಿಸಿದಳು, ಗ್ಯಾರಂಟಿಯ ವಿಷಯ ಅವಳಿಗೆ ತಿಳಿದಿರಲಿಲ್ಲ. ಆಮೇಲೆ ತಮ್ಮ ಹತ್ತಿರ ಬಂದು, ಇದೊಂದು ಎಂಥ ಎಲೆ ಎಂದು ಕೆನ್ನೆ ಒತ್ತಿ ನೋಡಿ, ಬೆರಳಿನಿಂದ ಕೆನ್ನೆ ಒರಸಿ, ಆ ಬೆರಳನ್ನು ಮೂಸಿದಳು. ತಲೆಗೆ ಹಚ್ಚುವ ಎಣ್ಣೆಯನ್ನು ಇದಕ್ಕೆ ಯಾರು ಹಚ್ಚಿದ್ದು ಒಡ್ಯಾ, ಎಣ್ಣೆ ಮೈಗೆ ನೀರು ಎಲ್ಲಿ ಹತ್ತಬೇಕು ಎಂದು ಕೇಳಿದಳು. ಕೈ ತೊಳೆಯುವ ಕಲ್ಲಿನ ಮೇಲಿದ್ದ ಸಾಬೂನು ತುಂಡಿನಿಂದ ತಮಗೆ ಸ್ನಾನ ಮಾಡಿಸಿ ವಾಲ್ವು ತೆರೆದಳು. ಎರಡೇ ನಿಮಿಷಕ್ಕೆ ತಮ್ಮ ಬಾಯಾರಿಕೆ ತೀರಿ ನಲ್ಲಿಗಳು ತಾವಾಗಿ ಮುಚ್ಚಿಕೊಂಡವು. ಅವಳು ಬುಟ್ಟಿ ಎತ್ತಿಕೊಂಡು ಹೋದಳು, ವರದಿಯ ಸುದ್ದಿ ಪಾಪ ಅವಳಿಗೆ ತಿಳಿಯದು.

ಎಣ್ಣೆ ಹಚ್ಚಿದವನು ನಾನು. ಸಮುದ್ರದ ಗಾಳಿಗೆ ನಮ್ಮಲ್ಲಿ ಏನು ತಾನೇ ಉಳಿಯುತ್ತದೆ, ಮಳೆಗಾಲ ಬಂತೆಂದರೆ ಬೀಗಕ್ಕೆ, ಬಾಗಿಲಿನ ತಿರುಗಣಿಗೆ, ಕತ್ತಿಗೆ, ಸೈಕಲ್ಲಿಗೆ, ಹೊಲಿಗೆ ಯಂತ್ರಕ್ಕೆ ಎಣ್ಣೆ ಸವರದ ಮನೆ ಮಾಜಾಳಿಯಿಂದ ಅಂಕೋಲೆಯವರೆಗೆ ಒಂದಿದ್ದರೆ ತೋರಿಸಿ. ತಮ್ಮ ಎರಡು ಗೆರೆಗಳಲ್ಲಿ ಒಂದರ ಮೇಲೆ ಕಿಲುಬಿನ ಸಣ್ಣ ಹಸಿರು ಚುಕ್ಕೆ ಕಂಡದ್ದೇ ತಡ, ಅಯ್ಯೋ ಹೊಸ ಯಂತ್ರ ಎಂದು, ದಿನಾ ಬೆಳಿಗ್ಗೆ ಶುದ್ಧ ತೆಂಗಿನೆಣ್ಣೆಯನ್ನು ನನ್ನ ತಲೆಗೆ ಹಚ್ಚಿಕೊಳ್ಳುವ ಮೊದಲು ತಮಗೆ ಹಚ್ಚಿದೆ. ನನ್ನ ಹೆಂಡತಿ ರುಕ್ಮಿಣಿಯ ಬಾಯಿಂದ ಎಣ್ಣೆ ಬಾಟಲಿಯ ವಿಷಯದಲ್ಲಿ ಮಾತು ಕೇಳಿದ್ದೂ ಆಯಿತು. ಇದಕ್ಕಿಂತ ಹೆಚ್ಚಿನ ಉಪಚಾರ ಹೊನ್ನಿಗೆ ಹತ್ತೊಂಬತ್ತು ವರ್ಷದಲ್ಲಿ ನನ್ನಿಂದ ಸಿಕ್ಕಿಲ್ಲ, ಎಲೆಗೆ ತಾವು ಎನ್ನುತ್ತಿರುವ ಈ ಬಾಯಿ ಅವಳಿಗೆ ಒಂದು ದಿನ ಬನ್ನಿ ಎಂದದ್ದಿಲ್ಲ.

ಆದ್ದರಿಂದ ಪ್ರಾರ್ಥನೆ ಏನೆಂದರೆ, ಹೀರಾ ಮೇಡಮ್ಮರು ನಮ್ಮೆಲ್ಲರಿಗಿಂತ ತಮ್ಮ ಮಾತನ್ನು ಹೆಚ್ಚು ನಂಬುವವರಾಗಿರುವುದರಿಂದ, ತಾವೇ ಕೃಪೆಯಿಟ್ಟು ಅವರಿಗೆ ಸತ್ಯವನ್ನು ತಿಳಿಸಿಕೊಡಬೇಕು. ಗಿಡ ಕೊಂದದ್ದು ಚಾಕು ಅಲ್ಲ, ಎಣ್ಣೆ ಎಂದು ಒಂದು ಮಾತು. ಮಾತು ಬಾರದಿದ್ದರೆ ತಮ್ಮ ಪೆಟ್ಟಿಗೆಯ ಕೆಂಪು ದೀಪವನ್ನು ಮೇಡಮ್ಮರು ಬಂದಾಗ ಅರ್ಥವಾಗುವಂತೆ ಮಿಣುಕಿಸಿದರೂ ಸಾಕು. ಅದರ ಜೊತೆಗೆ, ಒಂದು ದಿನದ ಮಟ್ಟಿಗೆ ಕಂಬದಿಂದ ಇಳಿದು, ನನ್ನ ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂತು, ಬಸ್‌ಸ್ಟ್ಯಾಂಡಿನ ಹತ್ತಿರ ಹೊನ್ನಿಯ ಎದುರಿಗೆ ಹೋಗಿ ನಿಂತು, ಮುಂದಿನ ಆಷಾಢಕ್ಕೆ ಕಸಿ ಕಟ್ಟಲು ತಾವು ಬರಲೇಬೇಕು ಎಂದು ಕರೆದು ಬರಬೇಕು. ನಾನು ಗುರುವಾರದಿಂದ ಆ ದಾರಿ ಬಿಟ್ಟು ಮೀನುಪೇಟೆಯ ಸುತ್ತುದಾರಿಯಲ್ಲಿ ಮನೆಗೆ ಹೋಗುತ್ತಿದ್ದೇನೆ, ಮೀನು ಕೊಳ್ಳುವುದೇನೂ ಇರುವುದಿಲ್ಲ.

ತಾವು ಬದುಕಿಲ್ಲದಿರುವುದರಿಂದ ತಮಗೆ ದೀರ್ಘಾಯುಷ್ಯ ಕೋರುವುದು ಹೇಗೆಂದು ತಿಳಿಯದೆ, ಮೈ ಸದಾ ಬೇಕಾದಷ್ಟೇ ನೆನೆದಿರಲಿ ಎಂದು ಹಾರೈಸುತ್ತಾ ನಿಲ್ಲಿಸುತ್ತೇನೆ.

ಇಂತು, ಎಂಟುನೂರು ಗಿಡ ಕೊಂದ, ಒಂದು ವರದಿ ಬರೆದ
ತಮ್ಮ ವಿಶ್ವಾಸಿ,
ಬೊಮ್ಮಯ್ಯ ಹಮ್ಮಣ್ಣ ನಾಯಕ

ತಾ. ಕ.: ಗೇಟಿಗೆ ಅಂಟಿಸಿದ ಮೇಲೆ ಊರವರ ಬಾಯಿಂದ ಗೊತ್ತಾಗುವುದಕ್ಕಿಂತ ಮೊದಲೇ ತಿಳಿಯಲಿ ಎಂದು, ಈ ಸಂಜೆ ಗಟ್ಟಿ ಮನಸ್ಸು ಮಾಡಿ ಹೊನ್ನಿಯ ಮನೆಗೆ ಹೋಗಿ, ಅವಳ ಸೊಸೆ ನಾಗುವಿನ ಕೈಯಲ್ಲಿ ಪತ್ರವನ್ನು ಓದಿಸಿದೆ. ನಾಗು ಓದುತ್ತಾ ಹೋದಳು, ಹೊನ್ನಿ ನಾಳೆಯ ವ್ಯಾಪಾರಕ್ಕೆ ಹರಿವೆಯ ಕಟ್ಟು ಕಟ್ಟುತ್ತಾ ಹೋದಳು. ಚಾಕುವಿನ ಮಾತು ಬಂದಾಗ ಮಾತ್ರ ಅವಳ ಕೈ ನಿಂತಿತು. ಪೂರ್ತಿ ಮುಗಿದ ಮೇಲೆ, ಎಲೆಗೆ ಕಿವಿ ಇಲ್ಲ ಒಡ್ಯಾ, ಅದಕ್ಕೇ ಅಲ್ಲವೋ ನೀವು ಎಲೆಗೆ ಬರೆದದ್ದು ಎಂದಳು. ಆದ್ದರಿಂದ ಪತ್ರದ ತಲೆಯ ಮೇಲಿದ್ದ ತಮ್ಮ ಹೆಸರಿಗೆ ಗೀಟು ಎಳೆದು ಹೀರಾ ಮೇಡಮ್ಮರ ಹೆಸರು ಬರೆದಿದ್ದೇನೆ, ನಾಳೆ ಎಂಟೂವರೆಯ ಬಸ್ಸಿಗೆ ನಾನೇ ಕಾರವಾರಕ್ಕೆ ಹೋಗಿ ಅವರ ಎದುರಿಗೆ ನಿಂತು ಓದುವವನಿದ್ದೇನೆ, ತಾವು ತಪ್ಪು ತಿಳಿಯಬಾರದು.