ಪಂಕ್ತಿಗೊಂದು ಟಾರ್ಗೆಟ್

ನಮ್ಮ ಕೇಟರಿಂಗಿನ ಧಣಿಗಳು ಉಣ್ಣುವವರ ಮುಖ ನೋಡುವುದು ಬಿಟ್ಟು ಗಡಿಯಾರ ನೋಡಲು ಶುರು ಮಾಡಿದರು. ತಪ್ಪು ಆದದ್ದು ಅಲ್ಲೇ. ಎಲ್ಲಿಂದಲೋ ಒಬ್ಬ ಮ್ಯಾನೇಜರನನ್ನು ತಂದರು. ಅಳೆಯಲಿಕ್ಕಾಗದ ಕೆಲಸ ಕೆಲಸವೇ ಅಲ್ಲ ಎಂದು ಆತ ಮೊದಲ ದಿನವೇ ಸಾರಿದ. ಮೂರು ಸಲ ಟಾರ್ಗೆಟ್ ತಪ್ಪಿದ ಬಡಿಸುವವನಿಗೆ ಮುಂದೆ ಕರೆ ಇಲ್ಲ ಎಂದೂ ಹೇಳಿದ. ಪುತ್ತೂರಿನಿಂದ ಸುಳ್ಯದವರೆಗೆ ಬಡಿಸುತ್ತಾ ತಿರುಗುವ ನಾನು ಅಂದಿನಿಂದ ಊಟಕ್ಕೊಂದು ಅವಾಂತರ ನೋಡುತ್ತಿದ್ದೇನೆ. ಹೆಚ್ಚಿನವು ನಮ್ಮ ಪಾಯಸದವನ ತಲೆಗೇ ಬಂದವು. ಒತ್ತಾಯ ಮಾಡದೆ ಬಡಿಸಲು ಬಾರದ ಮನುಷ್ಯ ಅವ.

ಗಡಿಯಾರ

ಪಂಕ್ತಿ ಇಪ್ಪತ್ತು ನಿಮಿಷದಲ್ಲಿ ಏಳಬೇಕು ಎಂಬುದು ಮೊದಲ ಟಾರ್ಗೆಟ್. ಪುತ್ತೂರಿನ ಒಂದು ಮದುವೆಯಲ್ಲಿ ಅನ್ನ, ಸಾರು, ಸಾಂಬಾರು ಒಂದರ ಹಿಂದೆ ಒಂದು ಓಡಿದವು. ಆದರೆ ನಮ್ಮಲ್ಲಿ ಹಿರಿಯರು ಏಳದೆ ಪಂಕ್ತಿ ಏಳುವುದಿಲ್ಲ. ಅಂದು ಮೊದಲ ಎಲೆಗೆ ಕೂತ ಅಜ್ಜನಿಗೆ ಹಲ್ಲಿರಲಿಲ್ಲ. ಉಳಿದವರೆಲ್ಲ ಕೈ ಒಣಗಿಸಿಕೊಂಡು ಕಾದರು. ಅದರ ಮೇಲೆ ಪಾಯಸದವ ಅಜ್ಜನಿಗೆ ಎರಡನೇ ಸಲ ಪಾಯಸ ಹಾಕಿದ. ಅವನಿಗೆ ಮೊದಲ ತಪ್ಪು ಬಿತ್ತು. ಹಿಂದೆ ನಿಂತು ವಾಚು ನೋಡುತ್ತಿದ್ದ ಮ್ಯಾನೇಜರನ ಕಡೆ ಅಜ್ಜ ತಿರುಗಿದರು. "ಬಸ್ಸುಂಟಾ ಮಗ? ನೀನು ಹೋಗು, ನಾನು ನಿಧಾನಕ್ಕೆ ಉಂಡು ಬರ್ತೇನೆ."

ತೂಕ

ಎಲೆಯಲ್ಲಿ ಏನೂ ಉಳಿಯಬಾರದು, ಬಿಟ್ಟದ್ದನ್ನು ತೂಗಲಾಗುತ್ತದೆ ಎಂಬುದು ಎರಡನೆಯದು. ಪೆರಾಬೆಯ ಗೃಹಪ್ರವೇಶದಲ್ಲಿ ಮ್ಯಾನೇಜರ್ ಎಲೆ ಎಸೆಯುವಲ್ಲಿ ತೂಕದ ಯಂತ್ರ ಇಟ್ಟು ನಿಂತ. ಒತ್ತಾಯ ಮಾಡಿದರೆ ಎಲೆಯಲ್ಲಿ ಉಳಿಯುತ್ತದೆ, ಮಾಡದಿದ್ದರೆ ಮನೆಯವರ ಮರ್ಯಾದೆ ಹೋಗುತ್ತದೆ. ಪಾಯಸದವ ಅಭ್ಯಾಸದಂತೆ ಒಬ್ಬರಿಗೆ ಸೌಟು ತುಂಬ ಸುರಿದ. ಅವರು ಮುಟ್ಟಲಿಲ್ಲ. ಇವ ಅವರೆದುರು ಕುಕ್ಕರಗಾಲಲ್ಲಿ ಕೂತು, "ಖಾಲಿ ಮಾಡಿ ಮಾವ, ನನ್ನ ಕೆಲಸ ನಿಮ್ಮ ಎಲೆಯಲ್ಲಿ ಉಂಟು" ಎಂದ. ಆದರೂ ಎರಡನೇ ತಪ್ಪು ತಪ್ಪಲಿಲ್ಲ.

"ನನಗೆ ಶುಗರ್ ಉಂಟು ಮಾರಾಯ. ನಿನ್ನ ಕೆಲಸ ಉಳಿಸಲಿಕ್ಕೆ ನಾನು ಆಸ್ಪತ್ರೆಗೆ ಹೋಗುದಾ?" ಎಂದಿದ್ದರು ಮಾವ.

ಮುಂದಿನ ಬುಕ್ಕಿಂಗ್

ಮೂರನೆಯದು ಎಲ್ಲಕ್ಕಿಂತ ನಾಚಿಕೆಗೇಡು. ಹೋದ ಮನೆಯಿಂದಲೇ ಮುಂದಿನ ಬುಕ್ಕಿಂಗ್ ತರಬೇಕು, ತಾರೀಕು ಸಮೇತ, ನಗುಮುಖದಿಂದ ಕೇಳಿ. ಇಚಿಲಂಪಾಡಿಯಲ್ಲಿ ಕೇಳುವ ಪಾಳಿ ಪಾಯಸದವನದು. ಅಲ್ಲಿ ನಡೆಯುತ್ತಿದ್ದದ್ದು ಅಜ್ಜಿಯೊಬ್ಬರ ಉತ್ತರಕ್ರಿಯೆ. ಸಾವಿನ ಮನೆಯಲ್ಲಿ ಇದು ಬೇಡ ಎಂದು ನಾನು ಜಗಳಕ್ಕೇ ನಿಂತೆ. ಟಾರ್ಗೆಟಿಗೆ ಸೂತಕ ಇಲ್ಲ ಎಂದ ಮ್ಯಾನೇಜರ್. ಕೆಲಸ ಹೋಗುವ ಹೆದರಿಕೆಯಲ್ಲಿ ಪಾಯಸದವ ಅಜ್ಜಿಯ ತಮ್ಮನ ಮುಂದೆ ಹಲ್ಲು ಕಿರಿದು ನಿಂತ.

"ಇಲ್ಲಿ ಮುಂದಿನ ಕಾರ್ಯಕ್ರಮ ಯಾವಾಗ ಅಜ್ಜ?"

ಇಡೀ ಪಂಕ್ತಿ ಉಣ್ಣುವುದು ನಿಲ್ಲಿಸಿತು. ಅಜ್ಜ ಸ್ವಲ್ಪ ಆಲೋಚಿಸಿದರು.

"ಪ್ರಾಯ ನೋಡಿದರೆ ಮುಂದಿನದ್ದು ನನ್ನದೇ. ಊಟ ನಿಮ್ಮದೇ ಆಗಲಿ. ತಾರೀಕು ಮಾತ್ರ ಈಗ ಹೇಳಲಿಕ್ಕಾಗುದಿಲ್ಲ."

ಪಾಯಸದವ ಅದನ್ನು ಹಾಗೆಯೇ ಮ್ಯಾನೇಜರನಿಗೆ ಒಪ್ಪಿಸಿದ. ತಾರೀಕಿಲ್ಲದ್ದು ಬುಕ್ಕಿಂಗೇ ಅಲ್ಲ ಎಂದು ಮ್ಯಾನೇಜರ್ ಮೂರನೇ ತಪ್ಪು ಹಾಕಿದ. ಪಾಯಸದವ ಈಗ ಮನೆಯಲ್ಲಿ ಕೂತಿದ್ದಾನೆ.

ನಗಾಡಿ ಆಯಿತಲ್ಲ? ಇನ್ನು ಕೆಲಸ ಮಾಡಿ. ನಮ್ಮ ಧಣಿಗಳಿಗೆ ಊಟ ಒಪ್ಪಿಸಿದವರು ಒಂದೇ ಮಾತು ಹೇಳಿ: ಆ ಪಾಯಸದವ ನಮ್ಮ ಮನೆಗೆ ಬಡಿಸಲು ಬರಬೇಕು, ಇಲ್ಲವಾದರೆ ನೀವೂ ಬರಬೇಡಿ. ಇವತ್ತೇ ಫೋನು ಮಾಡಿ.