ತಲೆ ನಿಮ್ಮದು, ಕೀ ನನ್ನದು

ಮದುವೆಯಾಗಿ ವಿಜಯಪುರದಿಂದ ತುಮಕೂರಿಗೆ ಬಂದು ನಲವತ್ತಾರು ವರ್ಷವಾಯಿತು. ಅಂದಿನಿಂದ ಇಂದಿನವರೆಗೆ ನಮ್ಮ ಯಜಮಾನರು ಸ್ಕೂಟರ್ ಹತ್ತಿದ ದಿನ ಏನಾದರೊಂದು ನಡೆಯದೆ ಮನೆ ಸೇರಿದ್ದು ಕಡಿಮೆ. ಈಚಿನ ಮೂರನ್ನಷ್ಟೇ ಹೇಳುತ್ತೇನೆ.

೧. ಹಣೆಯ ಪ್ರಶ್ನೆ

ಎಪ್ಪತ್ತೆರಡರ ಯಜಮಾನರಿಗೆ ಹೆಲ್ಮೆಟ್ ಅಂದರೆ ಆಗದು. ಹಣೆಯ ವಿಭೂತಿ ಅಳಿಸುತ್ತದೆ ಎಂದು ತಕರಾರು. ಅಂತರಸನಹಳ್ಳಿಯ ಕಾರ್ಖಾನೆಗೆ ಹೋಗುವ ನಮ್ಮ ಸೊಸೆ, ಅಲ್ಲಿ ಹೆಲ್ಮೆಟ್ ಇಲ್ಲದವರನ್ನು ಗೇಟಿನೊಳಗೇ ಬಿಡುವುದಿಲ್ಲ ಎಂದು ತಿಳಿಸಿ ಹೇಳಿದಳು. ಸ್ವತಂತ್ರ ದೇಶ, ನನ್ನ ತಲೆ, ನನ್ನಿಷ್ಟ ಎಂದರು ಇವರು. ಅವಳು ವಾದಕ್ಕಿಳಿಯಲಿಲ್ಲ. ಸ್ಕೂಟರಿನ ಕೀ ತೆಗೆದು ಬ್ಯಾಗಿಗೆ ಹಾಕಿಕೊಂಡಳು.

"ತಲೆ ನಿಮ್ದೇ ಮಾವ, ಇಷ್ಟ ಬಂದಂಗೆ ಇಟ್ಕೊಳ್ಳಿ. ಕೀ ನನ್ ಹತ್ರ ಇರ್ಲಿ."

ಸ್ಕೂಟರ್ ಇಲ್ಲದೆ ಇವರಿಗೆ ಹೊತ್ತೇ ಹೋಗದು. ಮೂರನೆಯ ದಿನ ಹೆಲ್ಮೆಟ್ ಹಾಕಿಕೊಂಡು ಅವಳೆದುರು ನಿಂತರು. ವಿಭೂತಿಯನ್ನು ಹೆಲ್ಮೆಟ್ಟಿಗೇ ಬಳಿದಿದ್ದರು.

೨. ಕಡಬದ ಕೆರೆ ಏರಿ

ಕೀ ಬಂತು, ಆದರೆ ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದಕ್ಕೆ ಕಟ್ಟುತ್ತಿರಲಿಲ್ಲ. ಹೆಲ್ಮೆಟ್ ಕಾನೂನಿಗಂತೆ, ಪಟ್ಟಿ ಅವರಿಷ್ಟಕ್ಕಂತೆ. ಗುಬ್ಬಿಯಿಂದ ಕಡಬಕ್ಕೆ ಹೋಗುವಾಗ ಕೆರೆ ಏರಿಯ ಮೇಲೆ ಗಾಳಿ ಬೀಸಿ ಹೆಲ್ಮೆಟ್ ಹಾರಿ ಕೆಳಕ್ಕೆ ಉರುಳಿತು. ಅಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜಿ ಎತ್ತಿಕೊಂಡಳು. ಕರ್ರಗೆ, ಗುಂಡಗೆ, ಮೇಲೆ ಮೂರು ಬೆರಳ ವಿಭೂತಿ. ಕಣ್ಣಿಗೊತ್ತಿಕೊಂಡು ತಂದುಕೊಟ್ಟಳು.

"ದ್ಯಾವ್ರನ್ನ ಹಿಂಗಾ ತಗೊಂಡೋಗೋದು? ಬಿಗಿಯಾಗಿ ಕಟ್ಕಬಾರ್ದಾ?"

ಪೊಲೀಸರ ಮಾತಿಗೆ ಬಗ್ಗದವರು ಅಂದಿನಿಂದ ಪಟ್ಟಿ ಕಟ್ಟುತ್ತಿದ್ದಾರೆ.

೩. ಕುಣಿಗಲ್ಲಿನ ಫೋಟೋ

ಕುಣಿಗಲ್ ಹತ್ತಿರದ ನೆಂಟರ ಊರಿಂದ ಬರುತ್ತಿದ್ದೆವು. ವಾಹನ ಓಡಾಡಿ ಕಾಳು ಉದುರಲಿ ಎಂದು ರಾಗಿ ಹುಲ್ಲನ್ನು ಟಾರ್ ರೋಡಿಗೇ ಹರಡಿದ್ದರು. ಸ್ಕೂಟರ್ ಜಾರಿತು. ನಾನು ಬಿದ್ದದ್ದು ಹುಲ್ಲಿನ ಮೇಲೆ. ಇವರ ತಲೆ ಅಂಚಿಗಿಟ್ಟಿದ್ದ ಕಲ್ಲಿಗೆ ಬಡಿದು ಹೆಲ್ಮೆಟ್ ಬಿರುಕು ಬಿಟ್ಟಿತು. ಊರಿನವರು ಕುಣಿಗಲ್ಲಿನ ಕ್ಲಿನಿಕ್ಕಿಗೆ ಕರೆದೊಯ್ದರು. ಡಾಕ್ಟರು ಹೆಲ್ಮೆಟ್ ತೆಗೆಯಲು ಕೈ ಹಾಕಿದರೆ ಇವರು ಬಿಡಲೊಲ್ಲರು.

"ತಡೀರಿ ಡಾಕ್ಟ್ರೇ. ಮೊದ್ಲು ಹಿಂಗೇ ಒಂದು ಫೋಟೋ ಹೊಡ್ದು ನಮ್ ಸೊಸೆಗೆ ಕಳ್ಸಿ. ಹಾಕಿರ್ಲಿಲ್ಲ ಅಂದ್ಕೊಂಡ್ರೆ ಕೀ ಕಿತ್ಕೊತಾಳೆ."

ನಾನೂ ಹೆಮ್ಮೆಯಿಂದ ಪಕ್ಕದಲ್ಲಿ ನಿಂತೆ. ಆಮೇಲೆ ನೋಡಿದರೆ ತಲೆಗೆ ಏನೂ ಆಗಿರಲಿಲ್ಲ, ಮೊಣಕೈ ತರಚಿತ್ತು ಅಷ್ಟೇ. ಫೋಟೋ ನೋಡಿದ ಸೊಸೆಯ ಫೋನ್ ನನಗೆ ಬಂತು. ಇನ್ನು ಕೀ ಮಾವನ ಹತ್ತಿರವೇ ಇರಲಿ ಎಂದಳು. ಆಮೇಲೆ ಕೇಳಿದಳು:

"ಅತ್ತೆ, ಫೋಟೋದಲ್ಲಿ ನಿಮ್ ಹೆಲ್ಮೆಟ್ ಕೈಯಲ್ಲಿದೆಯಲ್ಲ, ಅದ್ರೊಳಗೇನು?"

ನೆಂಟರು ಕೊಟ್ಟ ತೆಂಗಿನಕಾಯಿ ಎಂದೆ. ಒಂದೂ ಒಡೆದಿಲ್ಲ ಎಂದೂ ಸೇರಿಸಿದೆ.

ಸೊಸೆಯ ತೀರ್ಪು ಫೋನಿನಲ್ಲೇ ಬಂತು. ಮಾವ ಅತ್ತೆಯ ಹೆಲ್ಮೆಟ್ ಹಾಕಿಕೊಂಡು ಸ್ಕೂಟರಿನಲ್ಲಿ, ಅತ್ತೆ ತೆಂಗಿನಕಾಯಿಗಳ ಜೊತೆ ಬಸ್ಸಿನಲ್ಲಿ.

ಮಡಿಲಲ್ಲಿ ಮೂರು ಕಾಯಿ ಇಟ್ಟುಕೊಂಡು ಕೂತಿದ್ದ ನನ್ನನ್ನು ನೋಡಿ ಪಕ್ಕದ ಸೀಟಿನವಳಿಗೆ ಕನಿಕರ ಬಂತು. ಈ ವಯಸ್ಸಲ್ಲಿ ಒಬ್ಬರನ್ನೇ ಬಸ್ ಹತ್ತಿಸಿದ ಪುಣ್ಯಾತ್ಮರು ಯಾರು ಎಂದು ಕೇಳಿದಳು.

"ನಮ್ಮ ಸೊಸೆ," ಎಂದೆ, ಎದೆಯುಬ್ಬಿಸಿ.